ಕ್ಲೋವಿಸ್ ಮಲಗಿದ ಜಾಗ

“ಹತ್ತಿ ಬಿಡ್ಸೋ ಮುಂಡೇಗೆ ಓಟು ಬೇಕಾಯ್ತಾ?”

ದಣಿ ಪ್ರೂಯಿಟ್ ಪೇಪರನ್ನು ನನ್ನ ಮುಖದ ಮೇಲೆ ಎಸೆದ. ಮತದಾರರ ಪಟ್ಟಿಗೆ ಸೇರಲು ಅರ್ಜಿ ಕೊಟ್ಟವರ ಹೆಸರುಗಳನ್ನು ನಮ್ಮ ಮಿಸಿಸಿಪ್ಪಿಯಲ್ಲಿ ಈಗ ಪೇಪರಿನಲ್ಲಿ ಹಾಕುತ್ತಾರೆ. ಯಾವ ಕರಿಯರನ್ನು ಒಕ್ಕಲೆಬ್ಬಿಸಬೇಕೆಂದು ದಣಿಗಳು ಹುಡುಕಿಕೊಂಡು ತಿರುಗಬೇಕಾಗಿಲ್ಲ. ಲುಟೀಶಾ ಗೇಟ್ಸ್ ಎಂದು ಅಚ್ಚಾಗಿತ್ತು. ಐವತ್ತೆಂಟು ವರ್ಷದಲ್ಲಿ ನನ್ನ ಪೂರ್ತಿ ಹೆಸರನ್ನು ಬಿಳಿಯರು ಬರೆದದ್ದು ಅದೇ ಮೊದಲು.

“ಮಧ್ಯಾಹ್ನದೊಳ್ಗೆ ಹೋಗಿ ಅರ್ಜಿ ವಾಪಸ್ ತಗೊಂಡ್ ಬಾ. ಇಲ್ಲಾಂದ್ರೆ ಗುಡಿಸ್ಲು ಖಾಲಿ ಮಾಡು.”

“ಗುಡಿಸ್ಲು ತಾನೆ ದಣಿ. ಆಗ್ಲೇ ಗಂಟು ಕಟ್ಟಿವ್ನಿ.”

ಅವನ ಮುಖ ಕೆಂಪಾಯಿತು. ಆದರೆ ನನ್ನ ಜುಟ್ಟು ಎಲ್ಲಿದೆ ಎಂದು ಅವನಿಗೆ ಗೊತ್ತು. ಹೊಲದ ಅಂಚಿಗೆ ಕೈ ತೋರಿಸಿದ.

“ಹಂಗಾದ್ರೆ ಆ ಕಸದ ಗುಡ್ಡೆಗೂ ಇವತ್ತೇ ಟ್ರ್ಯಾಕ್ಟರ್ ಬಿಟ್ಟು ಮಟ್ಟ ಮಾಡಿಸ್ತೀನಿ.”

ಕಸವಲ್ಲ, ನಮ್ಮವರ ಸಮಾಧಿಗಳು. ಸತ್ತವರು ಕೊನೆಗೆ ಮುಟ್ಟಿದ ಲೋಟ, ತಟ್ಟೆಯನ್ನು ಒಡೆದು ಮಣ್ಣಿನ ಮೇಲೆ ಇಡುವುದು ನಮ್ಮ ಪದ್ಧತಿ. ಒಡೆಯದಿದ್ದರೆ ಸಾವು ಅದೇ ಮನೆಗೆ ಮತ್ತೆ ಬರುತ್ತದೆ. ನನ್ನ ಮಗ ಕ್ಲೋವಿಸ್ ಅಲ್ಲಿದ್ದಾನೆ. ಇದೇ ದಣಿಯ ಹತ್ತಿ ಗಿರಣಿಯ ಬೆಲ್ಟಿಗೆ ಸಿಕ್ಕಾಗ ಅವನಿಗೆ ಹತ್ತೊಂಬತ್ತು. ಅವನ ನೀಲಿ ಬಟ್ಟಲನ್ನು ನಾನೇ ಒಡೆದು ಎದೆಯ ನೇರಕ್ಕೆ ಇಟ್ಟಿದ್ದೆ.

ಟ್ರ್ಯಾಕ್ಟರ್ ತಂದವನು ಹೋಸಿಯಾ, ನನ್ನ ಅಕ್ಕನ ಮಗ. ತಾಯಿ ಸತ್ತ ಮೇಲೆ ನನ್ನ ಮನೆಯಲ್ಲೇ ಬೆಳೆದವನು, ಕ್ಲೋವಿಸನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿದವನು. ಅಷ್ಟರಲ್ಲಿ ನಾನು ಬಂದು ಮಗನ ಸಮಾಧಿಯ ಮೇಲೆ ಕೂತಿದ್ದೆ.

“ಏಳು ಚಿಕ್ಕಮ್ಮ. ನಿನ್ ಕಾಲಿಗ್ ಬೀಳ್ತೀನಿ. ಆ ಹಾಳಾದ್ ಅರ್ಜಿ ವಾಪಸ್ ತಗೋ.”

“ನೀನ್ ಇಳಿಯೋದಿಲ್ವೇನೋ?”

“ಮೂರ್ ಮಕ್ಳವೆ ನಂಗೆ. ಎಲ್ಲಿಗ್ ಹೋಗ್ಲಿ?”

ಬೈಯೋಣವೆಂದು ಬಾಯಿ ತೆರೆದೆ. ಆಗಲಿಲ್ಲ. ಆ ಮಕ್ಕಳಿಗೆ ಹೆಸರಿಟ್ಟವಳು ನಾನೇ.

ದಣಿ ತನ್ನ ಗಾಡಿಯಲ್ಲೇ ಕೂತು ಕೂಗಿದ. “ಅರ್ಜಿ ಬೇಡ ಅಂತ ಒಂದ್ ಮಾತು ಹೇಳೇ ಮುದ್ಕಿ. ನಿನ್ ಮಗ ಇದ್ದಲ್ಲೇ ಇರ್ತಾನೆ.”

ಒಂದು ಮಾತು. ಅದು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಎರಡೂ ಕೈಯಿಂದ ಮಣ್ಣನ್ನು ಸವರಿದೆ, ಮಗುವಾಗಿದ್ದಾಗ ಅವನ ಬೆನ್ನು ಸವರುತ್ತಿದ್ದ ಹಾಗೆ. ಆಮೇಲೆ ನೆಲಕ್ಕೆ ಕೈಯೂರಿ ಎದ್ದೆ.

ದಣಿ ನಕ್ಕ. ಗೆದ್ದೆ ಎಂದುಕೊಂಡ.

ನಾನು ಟ್ರ್ಯಾಕ್ಟರಿನ ಹತ್ತಿರ ಹೋಗಿ ಹೋಸಿಯಾನ ಮೊಣಕಾಲು ಮುಟ್ಟಿದೆ.

“ಕಾಲ್ ಕಡೆಯಿಂದ ಬಾ ಮಗಾ. ಅವನ ತಲೆ ಆ ಮರದ ಕಡೆ ಐತೆ. ಮೆಲ್ಲುಕ್ ಬಾ.”

ಮತದಾರರ ಪಟ್ಟಿ ಬರೆಯುವ ಕೋರ್ಟಿಗೆ ಒಂಬತ್ತು ಮೈಲಿ. ಅರ್ಜಿ ಏನಾಯಿತೆಂದು ಕೇಳಲು ಗಂಟು ಹೊತ್ತು ಹೊರಟೆ. ಹಿಂದೆ ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಗಾಲಿ ಉರುಳುತ್ತಿದೆಯೋ, ನಿಂತಲ್ಲೇ ಇದೆಯೋ ತಿಳಿಯಲಿಲ್ಲ. ನಾನು ತಿರುಗಿ ನೋಡಲಿಲ್ಲ.