ಒಂಬೈನೂರು ಗ್ರಾಮಿನ ಕಿಲೋ

ನನಗೆ ಸಿಟ್ಟು ಬೇಗ ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಆದರೆ ಈ ವಿಷಯದಲ್ಲಿ ಯಾರ ಮೇಲೆ ಸಿಟ್ಟಾಗಬೇಕು ಎನ್ನುವುದು ಮಾತ್ರ ಇವತ್ತಿಗೂ ಬಗೆಹರಿದಿಲ್ಲ.

ಹೊಟ್ಟೆಪಾಡಿಗೆ ನಾನು ಹಲ್ಲಿನ ಡಾಕ್ಟರುಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಮನೆಯ ಹಿಂದಿನ ಕೋಣೆಯಲ್ಲಿ, ಇಸ್ತ್ರಿ ಮೇಜಿನ ಪಕ್ಕದಲ್ಲಿ ನನ್ನ ಆಫೀಸು. ಬೆಳಗಿನ ಎರಡು ಗಂಟೆ ಹೊತ್ತು ಮಾತ್ರ, ಏಳು ವರ್ಷದಿಂದ, ತಕ್ಕಡಿಗಳಿಗೆ ಮೀಸಲು. ಕಂಪ್ಯೂಟರಿಗೆ ಜೋಡಿಸುವ ತಕ್ಕಡಿಗಳಿರುತ್ತವಲ್ಲ, ಒಂದೊಂದು ಕಂಪನಿಯದ್ದೂ ಒಂದೊಂದು ವರಸೆ. ಒಂದು ಗ್ರಾಮಿನಲ್ಲಿ ಹೇಳುತ್ತದೆ, ಇನ್ನೊಂದು ಅಂಕಿಗಳನ್ನು ಹಿಂದುಮುಂದಾಗಿ ಕಳಿಸುತ್ತದೆ, ಮತ್ತೊಂದಕ್ಕೆ ಎರಡೆರಡು ಸಲ ಕೇಳಿದರೇ ಉತ್ತರ. ನನ್ನ ಪ್ರೋಗ್ರಾಂ ಮುನ್ನೂರ ನಲವತ್ತು ಬಗೆಯ ತಕ್ಕಡಿಗಳ ಮಾತು ಕೇಳಿಸಿಕೊಂಡು ಸರಿಯಾದ ಕಿಲೋ ತೋರಿಸುತ್ತದೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ತಿದ್ದುವವರು ಯಾರೂ ಬರಲಿಲ್ಲ. ಬೈಯುವವರು ಬೇಕಾದಷ್ಟು. ಕೆಲವರು ಕೆಟ್ಟ ತಕ್ಕಡಿಯನ್ನೇ ಅಂಚೆಯಲ್ಲಿ ಕಳಿಸಿ, ನೋಡಿ ಸರಿಮಾಡಿ ಎನ್ನುತ್ತಾರೆ. ಮಂಚದ ಕೆಳಗೆ ಒಂಬತ್ತಿವೆ. ಅತ್ತೆ ಅದರಲ್ಲೊಂದನ್ನು ಈರುಳ್ಳಿ ತೂಗಲು ಎತ್ತಿಕೊಂಡಿದ್ದಾರೆ.

ಈ ಕೆಲಸದಲ್ಲಿ ನನಗೆ ಜೊತೆಗಿದ್ದದ್ದು ಒಂದೇ ಒಂದು ಜೀವ, ಗೂಬೆ. ನಾನಿಟ್ಟ ಹೆಸರಲ್ಲ ಅದು, ತನ್ನ ಫೋಟೋ ಇರಬೇಕಾದ ಕಡೆ ಗೂಬೆಯ ಚಿತ್ರ ಹಾಕಿಕೊಂಡಿತ್ತು. ಗಂಡೋ ಹೆಣ್ಣೋ, ಮುದುಕರೋ ಹುಡುಗರೋ ಗೊತ್ತಿಲ್ಲ. ಮುಖ ನೋಡಿಲ್ಲ, ದನಿ ಕೇಳಿಲ್ಲ. ಮೊದಲ ವರ್ಷವೇ ಇಬ್ಬರೂ ಸೇರಿ ಒಂದು ಕಟ್ಟುಪಾಡು ಮಾಡಿಕೊಂಡೆವು: ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಒಪ್ಪಬೇಕು, ಒಪ್ಪಿದ ಒಂದು ಗಂಟೆಗೆ ಅದು ತಾನಾಗಿಯೇ ಬಳಸುವವರೆಲ್ಲರ ಕಂಪ್ಯೂಟರಿಗೂ ಹೋಗಬೇಕು. ಒಬ್ಬರೇ ಏನೂ ಕಳಿಸುವಂತಿಲ್ಲ. ನಾನು ಬೆಳಿಗ್ಗೆ ಬರೆದಿಟ್ಟರೆ ಮರುದಿನ ಮಧ್ಯಾಹ್ನದ ಹೊತ್ತಿಗೆ ಗೂಬೆಯ ಉತ್ತರ: "ನೋಡಿದೆ. ಸರಿ ಇದೆ." ಅಷ್ಟೇ. ಆ ಎರಡು ಮಾತಿಗಾಗಿ ನಾನು ಏಳು ವರ್ಷ ಬೆಳಿಗ್ಗೆ ಐದಕ್ಕೆ ಎದ್ದಿದ್ದೇನೆ ಎಂದರೆ ನಗಬೇಡಿ. ನಾನು ಬರೆದ ಒಂದೊಂದು ಸಾಲನ್ನೂ ಕೂತು ಓದುವ ಜೀವ ಒಂದಿದೆ ಎನ್ನುವುದು ಸಣ್ಣ ಮಾತಲ್ಲ.

ಆದರೂ ಸಾಕು ಅನ್ನಿಸಿತು. ಹೋದ ತಿಂಗಳು ಯಾರೋ ಒಬ್ಬ, ತನ್ನ ತಕ್ಕಡಿಗೆ ಪ್ಲಗ್ ಹಾಕಿರದಿದ್ದಕ್ಕೆ ನನಗೆ ಎರಡು ಪುಟ ಬೈದು ಬರೆದ. ಬಿಟ್ಟುಬಿಡುವುದೆಂದು ತೀರ್ಮಾನ ಮಾಡಿ, "ಈ ತಿಂಗಳ ಕೊನೆಗೆ ನಾನು ಈ ಕೆಲಸ ನಿಲ್ಲಿಸುತ್ತಿದ್ದೇನೆ, ಇಷ್ಟು ವರ್ಷ ಜೊತೆಗಿದ್ದವರಿಗೆ ಋಣಿ" ಎಂದು ಒಂದು ಪ್ರಕಟಣೆ ಬರೆದೆ. ಕಟ್ಟುಪಾಡು ಕಟ್ಟುಪಾಡೇ, ಅದನ್ನೂ ಗೂಬೆಯ ಒಪ್ಪಿಗೆಗೆ ಇಟ್ಟೆ.

ಮರುದಿನ ಉತ್ತರ ಬಂತು. "ನೋಡಿದೆ. ಸರಿ ಇದೆ."

ಊಟದ ತಟ್ಟೆ ಮುಂದಿಟ್ಟುಕೊಂಡು ನಾನು ಅದನ್ನೇ ನೋಡುತ್ತಾ ಕೂತೆ. ಏನು ಸರಿ ಇದೆ? ನಾನು ಹೋಗುವುದೇ? ಕಾಗುಣಿತವೇ?

"ಪಾಪ, ನಿಮಗೆ ಸುಸ್ತಾಗಿದೆ, ಹೋಗಿ ಅಂತ ಹೇಳಿರಬಹುದು," ಎಂದರು ಅತ್ತೆ.

"ಹಾಗಾದ್ರೆ ಹಾಗೇ ಬರೀಬಹುದಿತ್ತಲ್ಲ?"

"ಬಿಡ್ತೀನಿ ಅಂದೋಳು ನೀನು. ಸರಿ ಅಂದ್ರೆ ಮುನಿಸ್ಕೋತೀಯ. ಬೇಡ ಅಂದಿದ್ರೆ ಕೂಗಾಡ್ತಿದ್ದೆ. ಆ ಗೂಬೆಯಾದ್ರೂ ಏನು ಮಾಡ್ಬೇಕು?"

ಅತ್ತೆಯ ಮಾತು ನ್ಯಾಯವಾಗಿತ್ತು, ಅದಕ್ಕೂ ಸಿಟ್ಟು ಬಂತು. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಅವರು ಕೈ ತೊಳೆದು ಬಂದು, "ಓದದೇನೇ ಒಪ್ಪಿರಬೇಕು," ಎಂದರು. "ಲಿಫ್ಟಿಗೆ ಎರಡು ಬ್ರೇಕ್ ಇರುತ್ತೆ. ಎರಡನೇದು ಹಿಡಿಯುತ್ತಾ ಇಲ್ವಾ ಅಂತ ನೋಡೋಕೆ ನಾವು ಮೊದಲನೇದನ್ನ ಬೇಕಂತಲೇ ಬಿಡ್ತೀವಿ. ಒಳಗೆ ಜನ ಇಲ್ದಾಗ, ಮತ್ತೆ."

"ನನ್ನ ಲಿಫ್ಟಲ್ಲಿ ಯಾರಿದಾರೆ? ಈರುಳ್ಳಿ, ಪಾರ್ಸಲ್ಲು," ಎಂದೆ.

ಪ್ರೋಗ್ರಾಮಿನ ನಡುವೆ ಒಂದು ಕಡೆ, ಕಿಲೋಗೆ ಸಾವಿರ ಗ್ರಾಂ ಎಂದು ಬರೆದಿದೆ. ಮರುದಿನ ಬೆಳಿಗ್ಗೆ ಆ ಸಾವಿರವನ್ನು ಅಳಿಸಿ ಒಂಬೈನೂರು ಎಂದು ಬರೆದೆ. ಇಂಥ ತಪ್ಪು ಕಂಡರೆ ಬೊಬ್ಬೆ ಹೊಡೆಯುವ ಸ್ವಯಂ ತಪಾಸಣೆಯ ಬಾಯಿಯನ್ನೂ ಮುಚ್ಚಿಸಿದೆ. ಓದಿದರೆ ಮಗ್ಗಿ ಬರುವ ಯಾರೇ ಆದರೂ ಹಿಡಿಯುತ್ತಾರೆ. ನನಗೆ ಬೇಕಿದ್ದದ್ದು ಒಂದು ಬೈಗುಳ. "ಏನಮ್ಮ, ತಲೆ ಕೆಟ್ಟಿದ್ಯಾ?" ಎಂದು ಗೂಬೆ ಒಂದು ಸಾಲು ಬರೆದಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಅಕಸ್ಮಾತ್ ಒಪ್ಪಿಬಿಟ್ಟರೂ ಹೊರಗೆ ಹೋಗುವ ಮೊದಲು ಒಂದು ಗಂಟೆ ಕೈಯಲ್ಲಿರುತ್ತದೆ, ವಾಪಸ್ ತೆಗೆದುಕೊಂಡರಾಯಿತು.

ಅದರ ಮಾರನೆಯ ದಿನ ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಹನ್ನೊಂದಕ್ಕೆ ಕೊಟ್ಟ ಹೊತ್ತು, ಒಳಗೆ ಕರೆದದ್ದು ಒಂದಕ್ಕೆ. ಕಣ್ಣಿಗೆ ಹನಿ ಹಾಕಿ ಮತ್ತೆ ಕೂರಿಸಿದರು. ಫೋನ್ ಆರಿಸಿ ಎಂದು ಗೋಡೆ ಮೇಲೆ ದೊಡ್ಡದಾಗಿ ಬರೆದಿತ್ತು, ಆರಿಸಿದ್ದೆ. ಅತ್ತೆ ಕಣ್ಣು ಮುಚ್ಚಿಕೊಂಡು ನನ್ನ ಕೈ ಹಿಡಿದಿದ್ದರು. ತೂಕವೂ ಗೂಬೆಯೂ ನನ್ನ ತಲೆಯಿಂದ ಪೂರ್ತಿ ಹಾರಿಹೋಗಿದ್ದವು.

ಮನೆಗೆ ಬಂದು ಕಂಪ್ಯೂಟರ್ ತೆಗೆದಾಗ ಮೂರೂವರೆ. "ನೋಡಿದೆ. ಸರಿ ಇದೆ." ಅದರ ಕೆಳಗೆ, ಹೊರಗೆ ಹೋಗಿ ಎರಡು ಗಂಟೆ ಮೇಲಾಗಿದೆ ಎಂಬ ಗುರುತು. ಅದರ ಕೆಳಗೆ ದೂರುಪುಟದಲ್ಲಿ ಒಂದು ಹೊಸ ಪತ್ರ.

"ನಾನು ಒಬ್ಬ ನರ್ಸ್. ದಿನ ತುಂಬದೆ ಹುಟ್ಟಿದ ಮಕ್ಕಳ ವಾರ್ಡು ನಮ್ಮದು. ಎರಡು ಗಂಟೆಗೆ ತೂಕ ನೋಡಿದಾಗ ನಾಲ್ಕು ಮಕ್ಕಳೂ ಬೆಳಿಗ್ಗೆಗಿಂತ ನೂರು-ಇನ್ನೂರು ಗ್ರಾಂ ಹೆಚ್ಚಿವೆ. ಇದು ಆಗುವ ಮಾತಲ್ಲ. ಐದು ಗಂಟೆಗೆ ಔಷಧಿ ಕೊಡಬೇಕು, ಅದನ್ನು ತೂಕ ನೋಡಿ ಕೊಡುವುದು. ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ."

ನನ್ನ ತಕ್ಕಡಿಯಲ್ಲಿ ಮಕ್ಕಳನ್ನು ಮಲಗಿಸುತ್ತಾರೆಂದು ನನಗೆ ಏಳು ವರ್ಷದಲ್ಲಿ ಒಬ್ಬರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಫೋನ್ ಮಾಡಿದೆ. "ಕಂಪ್ಯೂಟರ್ ತೋರಿಸೋ ತೂಕ ನಂಬಬೇಡಿ. ತಪ್ಪು ನಂದು. ಹತ್ತರಲ್ಲಿ ಒಂದು ಭಾಗ ಕಳೆದ್ರೆ ನಿಜವಾದ ತೂಕ. ಬೇರೆ ತಕ್ಕಡಿ ಇದ್ರೆ ಅದರಲ್ಲೇ ನೋಡಿ."

"ಉಗ್ರಾಣದಲ್ಲಿ ಹಳೇದೊಂದಿದೆ," ಎಂದಳು ನರ್ಸ್. ದನಿಯಲ್ಲಿ ಕೋಪವಿರಲಿಲ್ಲ, ಅವಸರವಿತ್ತು. "ನೀವು ಯಾವ ಕಂಪನಿಯೋರು?"

"ಕಂಪನಿ ಅಂತೇನಿಲ್ಲ. ನಾನು, ಮನೇಲಿ."

ಆ ಕಡೆ ಯಾರನ್ನೋ ಉಗ್ರಾಣಕ್ಕೆ ಓಡಲು ಹೇಳಿದಳು. ಆಮೇಲೆ ಫೋನ್ ಇಟ್ಟಳು.

ಒಂಬೈನೂರನ್ನು ಅಳಿಸಿ ಮೊದಲಿನಂತೆ ಬರೆದೆ, ಒಪ್ಪಿಗೆಗೆ ಇಟ್ಟೆ. ಆಗ ತಲೆಗೆ ಬಂತು, ಒಪ್ಪಿಗೆ ಬರುವುದು ನಾಳೆ ಮಧ್ಯಾಹ್ನಕ್ಕೆ. ಹಳೆಯ ಒಪ್ಪಿಗೆಗಳ ಪಟ್ಟಿ ತೆಗೆದೆ. ಇವತ್ತು ಹನ್ನೆರಡು ಗಂಟೆ ಏಳು ನಿಮಿಷ. ಮೊನ್ನೆ ಹನ್ನೆರಡು ಏಳು. ಹೋದ ವಾರ, ಹೋದ ವರ್ಷ, ನಾಲ್ಕು ವರ್ಷದ ಹಿಂದಿನವರೆಗೂ ಎಲ್ಲವೂ ಹನ್ನೆರಡು ಏಳು. ಮನುಷ್ಯರು ಯಾರೂ ನಾಲ್ಕು ವರ್ಷ ತಪ್ಪದೆ ಅದೇ ನಿಮಿಷಕ್ಕೆ ಏನನ್ನೂ ನೋಡುವುದಿಲ್ಲ. ಯಂತ್ರ. ಓದದೆ ಒಪ್ಪುವ ಒಂದು ಪುಟ್ಟ ಯಂತ್ರವನ್ನು ಕೂರಿಸಿ ಗೂಬೆ ಎದ್ದು ಹೋಗಿದೆ. ಗೂಬೆ ಬದುಕಿದೆಯೋ ಇಲ್ಲವೋ ಎಂಬ ಯೋಚನೆಯೂ ನಡುವೆ ಹಾದುಹೋಯಿತು. ಮೊದಲ ವರ್ಷ ಗೂಬೆ ಕೊಟ್ಟಿದ್ದ ಒಂದು ಇ-ಮೇಲ್ ವಿಳಾಸ ಹುಡುಕಿ, "ತಕ್ಕಡಿಯ ಮೇಲೆ ಮಕ್ಕಳಿದ್ದಾರೆ, ಇದೊಂದನ್ನು ಈಗಲೇ ಒಪ್ಪಿ" ಎಂದು ಬರೆದು ಕಳಿಸಿದೆ.

ಒಂಬತ್ತು ನಿಮಿಷಕ್ಕೆ ಉತ್ತರ ಬಂತು. ಒಪ್ಪಿರಲಿಲ್ಲ.

"ನೂರು ಅಂತ ಬರ್ದಿದೀರ. ಒಂದು ಸೊನ್ನೆ ಬಿಟ್ಟೋಗಿದೆ. ಎರಡು ಕಿಲೋ ಮಗು ಇಪ್ಪತ್ತು ಕಿಲೋ ತೂಗುತ್ತೆ."

ಹೌದು, ಬಿಟ್ಟಿದ್ದೆ. ಅವಸರದಲ್ಲಿ ಸಾವಿರದ ಬದಲು ನೂರು ಬರೆದಿದ್ದೆ, ತಪಾಸಣೆಯ ಬಾಯಿ ಇನ್ನೂ ಮುಚ್ಚಿಯೇ ಇತ್ತು. ತಿದ್ದಿದೆ. ಈ ಸಲ ಎರಡು ನಿಮಿಷದಲ್ಲಿ ಒಪ್ಪಿಗೆ ಬಂತು. ಒಂದು ಗಂಟೆಯ ಕಾಯುವಿಕೆಯನ್ನೂ ಗೂಬೆಯೇ ತೆಗೆದುಹಾಕಿ ನೇರ ಕಳಿಸಿತು. ಗಡಿಯಾರ ನಾಲ್ಕು ಕಾಲು ತೋರಿಸುತ್ತಿತ್ತು.

ಆಮೇಲೆ ಒಂದು ಉದ್ದನೆಯ ಪತ್ರ ಬಂತು. "ಬೇರೆ ಕೆಲಸಕ್ಕೆ ಸೇರಿದ ಮೇಲೆ ನಿಮ್ಮದನ್ನ ಓದೋಕೆ ಹೊತ್ತೇ ಸಿಗ್ತಿರ್ಲಿಲ್ಲ. ಓದಿದ್ರೂ ತಪ್ಪು ಇರ್ತಿರ್ಲಿಲ್ಲ. ಓದಲ್ಲ ಅಂತ ಹೇಳಿದ್ರೆ ನೀವು ಬಿಟ್ಟು ಹೋಗ್ತೀರ ಅನ್ನೋ ಭಯ. ಅದಕ್ಕೆ ಹಾಗೆ ಮಾಡ್ದೆ. ನೀವು ಬಿಡ್ತಿರೋ ವಿಷಯ ಓದಿದ್ದು ಈಗ, ಹತ್ತು ನಿಮಿಷದ ಹಿಂದೆ. ನನ್ನಿಂದಾನಾ?"

ನಾನೇನು ಬರೆಯಲಿ? ಬೈಯಬೇಕೆಂದು ಮೂರು ಸಾಲು ಬರೆದು ಅಳಿಸಿದೆ. ಓದದೆ ಒಪ್ಪಿದ್ದು ಗೂಬೆ, ನಿಜ. ತಪ್ಪೆಂದು ಗೊತ್ತಿದ್ದೂ ಬರೆದದ್ದು ನಾನು. ನಾಲ್ಕು ವರ್ಷ ನನ್ನನ್ನು ಕೂರಿಸಿಕೊಂಡಿದ್ದು ಒಂದು ಸುಳ್ಳು, ಇವತ್ತು ಕಾಪಾಡಿದ್ದೂ ಆ ಸುಳ್ಳು ಬರೆದ ಕೈಯೇ. ಯಾವುದನ್ನು ಹಿಡಿದು ಜಗಳವಾಡಲಿ? ಅಷ್ಟರಲ್ಲಿ ನರ್ಸ್ ಫೋನ್ ಮಾಡಿದಳು.

"ಈಗ ಎರಡೂ ತಕ್ಕಡಿ ಒಂದೇ ತೂಕ ತೋರಿಸ್ತಿವೆ. ಔಷಧಿಗೆ ಮೊದಲೇ ಆಯ್ತು, ಬಚಾವ್. ಆದ್ರೆ ಇಲ್ಲೊಬ್ಬಳು ತಾಯಿ ನಿಮ್ಮ ಹತ್ರ ಮಾತಾಡ್ಬೇಕಂತೆ. ಮಗು ಎರಡು ಕಿಲೋ ದಾಟಿದ್ರೆ ಮನೆಗೆ ಅಂತ ಹೇಳಿದ್ವಿ. ಎರಡು ಕಿಲೋ ಐವತ್ತು ಗ್ರಾಂ ಅಂತ ನೋಡಿ, ಬಟ್ಟೆ ಮಡಚಿ ಬ್ಯಾಗಿಗೆ ಹಾಕ್ಕೊಂಡು ಕೂತಿದ್ಲು."

ಫೋನ್ ಕೈ ಬದಲಾಯಿತು. ತಪ್ಪಾಯಿತು, ನನ್ನಿಂದಲೇ ಆದದ್ದು, ಎಂದೆ.

"ಸಾವಿರದ ಎಂಟುನೂರ ನಲವತ್ತೈದು ಗ್ರಾಂ," ಎಂದಳು ಆ ತಾಯಿ. "ಇನ್ನೂ ಎಂಟು ದಿನ ಬೇಕಾಗಬಹುದಂತೆ. ಎಂಟು ದಿನ ತೂಕ ಸರಿಯಾಗಿ ಬರುತ್ತಲ್ವಾ? ನೀವೇ ನೋಡ್ಕೋತೀರಂತಲ್ಲ."

ತಿಂಗಳು ಮುಗಿಯಲು ಉಳಿದದ್ದು ಐದು ದಿನ. ನಾನು ನಿಲ್ಲಿಸುವೆನೆಂಬ ಪ್ರಕಟಣೆ ಎದುರಿನ ಪರದೆಯ ಮೇಲೇ ಇತ್ತು.

"ಬರುತ್ತೆ," ಎಂದೆ. "ಎಂಟು ದಿನ ಇರ್ತೀನಿ."

ಸರಿ ಎಂದೂ ಹೇಳದೆ ಫೋನನ್ನು ನರ್ಸಿಗೆ ಕೊಟ್ಟಳು. ನರ್ಸ್ ಪಕ್ಕಕ್ಕೆ ಸರಿದಳೆಂದು ಕಾಣುತ್ತದೆ, ದನಿ ತಗ್ಗಿತು. "ಎಂಟು ದಿನ ಅಂದ್ರಿ. ಇವತ್ತು ಬೆಳಿಗ್ಗೆ ಹೊಸದೊಂದು ಬಂದಿದೆ. ಒಂದು ಕಿಲೋ ಅರವತ್ತು ಗ್ರಾಂ. ಅದಕ್ಕೆ ಎರಡು ತಿಂಗಳಾದ್ರೂ ಬೇಕು."

ಬಾಗಿಲಲ್ಲಿ ಅತ್ತೆ, ಹನಿ ಹಾಕಿದ ಕಣ್ಣಿಗೆ ನಾನು ಕಾಣುತ್ತಿದ್ದೆನೋ ಇಲ್ಲವೋ, ಗೋಡೆ ಹಿಡಿದು ನಿಂತಿದ್ದರು. ಇರುತ್ತೇನೆ ಎನ್ನುವ ಧೈರ್ಯ ನನಗೆ ಬರಲಿಲ್ಲ. ಇರುವುದಿಲ್ಲ ಎನ್ನುವ ಧೈರ್ಯ ಅದಕ್ಕಿಂತ ಕಡಿಮೆ ಇತ್ತು.

"ತಕ್ಕಡಿ ಮೇಲೆ ಈಗ ಮಗು ಇಲ್ಲ ತಾನೇ?" ಎಂದು ಕೇಳಿದೆ. "ಹಾಗಾದ್ರೆ ಮಗುಚಿ, ತಳದಲ್ಲಿ ಏನು ಸಂಖ್ಯೆ ಬರ್ದಿದೆ ಓದಿ. ನಿಧಾನಕ್ಕೆ. ಮಕ್ಕಳನ್ನ ತೂಗೋ ತಕ್ಕಡಿ ಯಾವುದು ಅಂತ ಬರ್ಕೋತೀನಿ."