ಲ್ಯಾಬಮ್ಮನ ಒದ್ದೆ ಕಾಲುಚೀಲ

ಕಾರಿನಲ್ಲಿ ಕೂಲಂಟ್ ಕಡಿಮೆಯಾಗತೊಡಗಿ ಆರು ವಾರವಾಗಿತ್ತು. ಮುಂದಿನ ಸೀಟಿನಲ್ಲಿ ಕೂರುವ ಲ್ಯಾಬಮ್ಮನ ಕಾಲುಚೀಲ ಒದ್ದೆಯಾಗತೊಡಗಿಯೂ ಹೆಚ್ಚುಕಡಿಮೆ ಅಷ್ಟೇ ದಿನ. ಎರಡನ್ನೂ ಒಟ್ಟಿಗಿಟ್ಟು ನೋಡಬೇಕೆಂದು ಆ ಮನೆಯಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. ಎಲ್ಲರೂ ಓದಿದವರೇ, ಏನು ಪ್ರಯೋಜನ.

ಕೂಲಂಟಿನ ಚಿಂತೆ ಮಗನದು. ಇಂಜಿನ್ ಕಾದುಹೋಗದಂತೆ ಕಾಯುವ ಆ ಹಸಿರು ನೀರನ್ನು ಅವನು ವಾರಕ್ಕೊಮ್ಮೆ ಗೆರೆಯವರೆಗೆ ತುಂಬಿಸುತ್ತಿದ್ದ. ಮುಂದಿನ ವಾರ ನೋಡಿದರೆ ಅರ್ಧಕ್ಕಿಳಿದಿರುತ್ತಿತ್ತು. ಕಾರಿನಡಿ ರಟ್ಟು ಹಾಸಿ, ಬೆಳಿಗ್ಗೆ ಮಂಡಿಯೂರಿ ಇಣುಕಿದ. ಒಂದು ಹನಿಯೂ ಬಿದ್ದಿರಲಿಲ್ಲ. ಮೆಕ್ಯಾನಿಕ್ ರೇಡಿಯೇಟರ್ ಮುಚ್ಚಳ ಬದಲಿಸಿದ, ಪೈಪುಗಳನ್ನು ಬದಲಿಸಿದ, “ಹೊರಗೆಲ್ಲೂ ಸೋರ್ತಿಲ್ಲ ಸಾರ್” ಎಂದು ಕೈ ಒರೆಸಿಕೊಂಡ. ಮಗ ಊಟಕ್ಕೆ ಕೂತಾಗಲೂ ಅದೇ ಪುರಾಣ ಬಿಚ್ಚುತ್ತಿದ್ದ.

ಲ್ಯಾಬಮ್ಮನ ಚಿಂತೆ ಸೊಸೆಯದು. ಅತ್ತೆಯ ಕಾಲುಚೀಲ ಒದ್ದೆ, ಕಾಲಡಿಯ ಕಪ್ಪು ಕಾರ್ಪೆಟ್ ಒದ್ದೆ, ವಯಸ್ಸು ಎಪ್ಪತ್ತಮೂರು. ಮೂರನ್ನೂ ಕೂಡಿಸಿ ಅವಳು ಒಂದು ಉತ್ತರ ಕಂಡುಕೊಂಡಳು, ಗಂಡನ ಕಿವಿಗೂ ಹಾಕಿದಳು. ಲ್ಯಾಬಮ್ಮನ ಎದುರು ಮಾತ್ರ ಇಬ್ಬರೂ ತುಟಿ ಬಿಚ್ಚಲಿಲ್ಲ, ಅದೇ ದೊಡ್ಡ ಪೀಡೆಯಾಯಿತು. ಒಂದು ದಿನ ಕಾರಿನ ಸೀಟಿನ ಮೇಲೆ ರಬ್ಬರ್ ಹಾಳೆ ಬಂತು. ಇನ್ನೊಂದು ದಿನ ಅವಳ ಬೀರುವಿನಲ್ಲಿ, ಟವೆಲ್ಲುಗಳ ಹಿಂದೆ, ದೊಡ್ಡವರ ಡಯಾಪರ್ ಪೊಟ್ಟಣ ಬಂತು.

ಅದೂ ಯಾರಿಗೆ? ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಊರವರೆಲ್ಲರ ರಕ್ತ, ಮೂತ್ರ ಪರೀಕ್ಷೆ ಮಾಡಿ ನಿವೃತ್ತಳಾದವಳಿಗೆ. ಲ್ಯಾಬಮ್ಮ ಎಂಬ ಹೆಸರು ಅಂಟಿದ್ದೇ ಅಲ್ಲಿ.

“ನನ್ನ ಕಾಲಡಿ ಒದ್ದೆ ಆಗ್ತಿದೆ, ಏನೂಂತ ನೋಡ್ರಪ್ಪ,” ಎಂದು ಅವಳು ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ.

“ಇರ್ಲಿ ಬಿಡಿ ಅತ್ತೆ, ವಯಸ್ಸಾದ್ಮೇಲೆ ಇದ್ದಿದ್ದೇ,” ಎಂದಳು ಸೊಸೆ, ಮೆತ್ತಗೆ.

“ಏನು ಇದ್ದಿದ್ದೇ?”

“ಏನಿಲ್ಲ ಅತ್ತೆ.”

ಈ ‘ಏನಿಲ್ಲ’ಕ್ಕೆ ಏನು ಉತ್ತರ ಕೊಡುವುದು? ಎದುರಿಗೇ ಏನಾದರೂ ಅಂದರೆ ಜಗಳವಾಡಬಹುದು. ಏನೂ ಅನ್ನದವರ ಹತ್ತಿರ ಹೇಗೆ ಜಗಳವಾಡುವುದೆಂದು ತಿಳಿಯದೆ ಲ್ಯಾಬಮ್ಮ ಒಳಗೊಳಗೇ ಕುದಿದಳು. ಕಾಲಡಿ ಕೊಳವಾದರೂ ಸೀಟು ಒಣಗಿಯೇ ಇದೆ ಎಂಬುದು ಇವರ ಕಣ್ಣಿಗೆ ಬೀಳುವುದಿಲ್ಲವೇ? ಕಾರಿನ ಮುಂದಿನ ಗಾಜು ಒಳಗಿನಿಂದ ಮಂಜುಗಟ್ಟಿದರೆ ಅದೂ ಅವಳ ತಲೆಗೇ. “ಸ್ವಲ್ಪ ಮಾತು ಕಡಿಮೆ ಮಾಡಮ್ಮ, ನಿನ್ನ ಉಸಿರಿಗೇ ಗಾಜೆಲ್ಲ ಹೀಗಾಗೋದು,” ಎನ್ನುತ್ತ ಮಗ ಜಿಡ್ಡುಜಿಡ್ಡಾದ ಗಾಜನ್ನು ಉಜ್ಜುತ್ತಿದ್ದ.

ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅವಳಿಗೇ ತನ್ನ ಮೇಲೆ ಅನುಮಾನ ಶುರುವಾಯಿತು. ಒಂದು ಸಂಜೆ ಬಚ್ಚಲಿನ ಚಿಲಕ ಹಾಕಿಕೊಂಡು ತನ್ನ ಬಟ್ಟೆಯನ್ನು ತಾನೇ ಮುಟ್ಟಿ ಮುಟ್ಟಿ ನೋಡಿದಳು. ಒಣಗಿತ್ತು. ಆದರೂ ಮರುದಿನದಿಂದ ಕಾರು ಹತ್ತುವ ಮೊದಲು ನೀರು ಕುಡಿಯುವುದನ್ನು ಬಿಟ್ಟಳು. ಹಾಗೆ ಬಿಟ್ಟದ್ದಕ್ಕೆ ಆದ ನಾಚಿಕೆ ಡಯಾಪರ್ ಪೊಟ್ಟಣ ಕಂಡಾಗಲೂ ಆಗಿರಲಿಲ್ಲ.

ಇಷ್ಟರ ನಡುವೆ ನಾಲ್ಕು ಗಂಟೆ ದಾರಿಯ ಊರಿನಲ್ಲಿದ್ದ ಅವಳ ತಂಗಿ ಬಿದ್ದು ಸೊಂಟ ಮುರಿದುಕೊಂಡಳು. ಭಾನುವಾರ ಎಲ್ಲರೂ ನೋಡಿ ಬರುವುದೆಂದಾಯಿತು. ಶುಕ್ರವಾರ ಊಟ ಮುಗಿದ ಮೇಲೆ ಮಗ ಗಂಟಲು ಸರಿಮಾಡಿಕೊಂಡ.

“ನೀನು ಈ ಸಲ ಬರೋದು ಬೇಡಮ್ಮ. ದೂರ ಆಗತ್ತೆ, ನಿಂಗೆ ಕಷ್ಟ. ವಿಡಿಯೋ ಕಾಲ್ ಮಾಡ್ಕೊಡ್ತೀನಿ, ಚಿಕ್ಕಮ್ಮನ್ನ ನೋಡಿ ಮಾತಾಡು.”

“ನಂಗೇನು ಕಷ್ಟ?”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಲ್ಯಾಬಮ್ಮನ ಪಿತ್ತ ನೆತ್ತಿಗೇರಿತು. ಒಡಹುಟ್ಟಿದವಳು ಹಾಸಿಗೆ ಹಿಡಿದಿರುವಾಗ ತಾನು ಮನೆಯಲ್ಲಿ ಫೋನು ಹಿಡಿದು ಕೂರಬೇಕೇ? ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಶನಿವಾರ ಬೆಳಿಗ್ಗೆ ಮಗ ಕಾರನ್ನು ಗ್ಯಾರೇಜಿಗೆ ಒಯ್ಯಲು ಹೊರಟಾಗ ಅವಳು ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದಳು, ಮಡಿಲಲ್ಲಿ ಕೈಚೀಲ.

“ನೀನ್ಯಾಕಮ್ಮ ಅಲ್ಲಿಗೆ?”

“ಕೆಲಸ ಇದೆ, ನಡಿ.”

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು ನೋಡಿ, ತಲೆ ಕೆರೆದುಕೊಂಡ. “ಇನ್ನು ಇಂಜಿನ್ ಬಿಚ್ಚೋದೊಂದೇ ದಾರಿ ಸಾರ್. ಅದೇ ಒಳಗೊಳಗೆ ಕುಡೀತಿರಬೇಕು.”

“ತಾಳಪ್ಪ,” ಎಂದಳು ಲ್ಯಾಬಮ್ಮ. ಕೈಚೀಲದಿಂದ ಮೂರು ಪುಟ್ಟ ಬಾಟಲಿ ತೆಗೆದು ಸ್ಪ್ಯಾನರುಗಳ ಪಕ್ಕ ಸಾಲಾಗಿ ಇಟ್ಟಳು. ಮೂರಕ್ಕೂ ಚೀಟಿ ಅಂಟಿಸಿ ತಾರೀಕು, ಸಮಯ ಬರೆದಿದ್ದಳು. “ಒಂದನೇದು ಬಾನೆಟ್ ಒಳಗಿನ ಕೂಲಂಟ್ ಡಬ್ಬೀದು. ಎರಡನೇದು ನನ್ನ ಕಾಲಡಿ ಕಾರ್ಪೆಟ್ ಹಿಂಡಿ ತೆಗೆದಿದ್ದು. ಮೂರನೇದು ನಂದು, ಇವತ್ತು ಬೆಳಿಗ್ಗೆ ಆರೂಕಾಲಿಂದು.”

“ಅಮ್ಮ, ಪ್ಲೀಸ್,” ಎಂದ ಮಗ. ಅವನ ಕಿವಿಯ ತುದಿ ಕೆಂಪಾಗಿತ್ತು.

“ಸುಮ್ನಿರು. ಮೂವತ್ತೊಂದು ವರ್ಷ ಇದನ್ನೇ ಮಾಡಿದೋಳು, ಆರು ವಾರ ಕೋಪ ಮಾಡ್ಕೊಂಡು ಕೂತೆನಲ್ಲ, ನನಗೂ ಬುದ್ಧಿ ಇಲ್ಲ.”

ಒಂದನೆಯದು ಹಸಿರು. ಎರಡನೆಯದು, ಸ್ವಲ್ಪ ಕೊಳೆಯಾಗಿದ್ದರೂ, ಅದೇ ಹಸಿರು. ಮೂರನೆಯದು ತೆಳು ಹಳದಿ. ಮೆಕ್ಯಾನಿಕ್ ಎರಡನೆಯದರ ಒಂದು ಹನಿಯನ್ನು ಬೆರಳ ನಡುವೆ ಉಜ್ಜಿದ, ಮೂಸಿದ. ಮೂರನೆಯದನ್ನು ಮುಟ್ಟುವ ಗೋಜಿಗೆ ಹೋಗಲಿಲ್ಲ.

“ಹೀಟರ್ ಕೋರ್ ಸಾರ್. ಕಾರೊಳಗೆ ಬಿಸಿಗಾಳಿ ಬರೋಕೆ ಡ್ಯಾಶ್‌ಬೋರ್ಡ್ ಹಿಂದೆ ಒಂದು ಸಣ್ಣ ರೇಡಿಯೇಟರ್ ಇರತ್ತೆ, ಇದೇ ಕೂಲಂಟ್ ಅದರೊಳಗೂ ಓಡತ್ತೆ. ಅದು ತೂತಾಗಿ ಒಳಗೇ ಇಳೀತಿದೆ, ಅದಕ್ಕೇ ಹೊರಗೆ ಹನಿ ಇಲ್ಲ. ಗಾಜಿನ ಜಿಡ್ಡೂ ಅದರದ್ದೇ.” ಆಮೇಲೆ ಅವನು ಏನೂ ಅರಿಯದೆ ಕೇಳಿದ, “ಮುಂದೆ ಕೂರೋರಿಗೆ ಕಾಲು ಒದ್ದೆ ಆಗ್ತಿರ್ಲಿಲ್ವಾ ಸಾರ್? ಯಾರೂ ಹೇಳ್ಲೇ ಇಲ್ವಾ?”

ಮಗ ಕಾರಿನ ಕೀಲಿಯನ್ನು ಮೆಕ್ಯಾನಿಕ್ ಕೈಗಿಟ್ಟ. ಗೇಟಿನ ಹೊರಗೆ ಬಂದ ಮೇಲೆ ಸಣ್ಣ ದನಿಯಲ್ಲಿ, “ನಾವು ನಿಂಗೆ ಏನೂ ಅಂದೇ ಇಲ್ವಲ್ಲಮ್ಮ,” ಎಂದ.

“ಅಂದಿದ್ರೆ ಅವತ್ತೇ ಉತ್ತರ ಕೊಡ್ತಿದ್ದೆ ಕಣೋ. ನೀವು ಅನ್ನಲಿಲ್ಲ, ಹಾಳೆ ಹಾಸಿದ್ರಿ.” ಅವಳ ದನಿ ಒಡೆಯಿತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಡ್ಯಾಶ್‌ಬೋರ್ಡ್ ಬಿಚ್ಚಿ ಜೋಡಿಸಲು ನಾಲ್ಕು ದಿನ ಬೇಕಿತ್ತು. ಭಾನುವಾರ ಮೂವರೂ ಬಸ್ಸು ಹತ್ತಿದರು. ಲ್ಯಾಬಮ್ಮ ಕಿಟಕಿ ಪಕ್ಕ ಕೂತು, ಲೀಟರ್ ಬಾಟಲಿ ತೆರೆದು, ಮೊದಲ ಗಂಟೆಯಲ್ಲೇ ಗಟಗಟನೆ ಮುಗಿಸಿದಳು. ಪಕ್ಕದಲ್ಲಿದ್ದ ಮಗ ನೋಡುತ್ತಲೇ ಇದ್ದ. ಎರಡನೇ ಗಂಟೆಯಲ್ಲಿ ಅವನೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಡ್ರೈವರ್ ಹತ್ತಿರ ಹೋಗಿ ನಿಂತು, ಬಸ್ಸು ನಿಲ್ಲಿಸುವಂತೆ ಗೋಗರೆದ. ಹಿಂದಿನ ಸೀಟಿನಲ್ಲಿದ್ದ ಸೊಸೆ ಕಿಟಕಿಯಾಚೆ ಮುಖ ತಿರುಗಿಸಿದಳು.

ಕೆಲಸ ಮುಗಿಸಿ ಅವನು ಹಿಂದಿರುಗುವಷ್ಟರಲ್ಲಿ ಅವನ ಸೀಟಿನ ಮೇಲೆ ಕಾರಿನ ಅದೇ ರಬ್ಬರ್ ಹಾಳೆ ಹಾಸಿತ್ತು, ಒಂದು ಸುಕ್ಕೂ ಇಲ್ಲದೆ, ನೀಟಾಗಿ.

“ಏನಮ್ಮ ಇದು?”

“ಏನಿಲ್ಲ,” ಎಂದಳು ಲ್ಯಾಬಮ್ಮ, ಮೆತ್ತಗೆ.

ಉಳಿದ ಎರಡು ಗಂಟೆ ದಾರಿಯನ್ನು ಅವನು ಅದರ ಮೇಲೆಯೇ ಕೂತು ಬಂದ.